16 ಮನೆ, ನಾಲ್ಕು ಸೋಲಾರ್, ಬಿಸಿನೀರಿಲ್ಲ: ಒಂದು ಪ್ಲಂಬಿಂಗ್ ಅಂಗಡಿಯ ಪ್ರಕರಣ ಅಧ್ಯಯನ

ಬೆಂಗಳೂರಿನ ಪಶ್ಚಿಮಕ್ಕೆ, ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳ ಪೈಕಿ ಒಂದರಲ್ಲಿ ಎದ್ದ ಅಪಾರ್ಟ್‌ಮೆಂಟು. ನೆಲಮಹಡಿ ಸೇರಿ ನಾಲ್ಕು ಅಂತಸ್ತು, 16 ಮನೆ. ತಾರಸಿಯಲ್ಲಿ 500 ಲೀಟರಿನ ನಾಲ್ಕು ಸೋಲಾರ್ ಟ್ಯಾಂಕು, ಒಂದೊಂದಕ್ಕೆ ಬಿಸಿಲಿನಲ್ಲಿ ನೀರು ಕಾಯಿಸುವ ಐದೈದು ಪ್ಲೇಟು. ಒಂದು ಟ್ಯಾಂಕಿನಿಂದ ಒಂದು ಲೈನು ನೇರ ಕೆಳಗಿಳಿದು, ಒಂದರ ಕೆಳಗೊಂದಿರುವ ನಾಲ್ಕು ಮನೆಗಳಿಗೆ ಬಿಸಿನೀರು ಕೊಡುತ್ತದೆ. 2025ರ ನವೆಂಬರಿನಲ್ಲಿ ಅಲ್ಲಿಯ ಅಸೋಸಿಯೇಷನ್ ಸೆಕ್ರೆಟರಿ ನಮ್ಮ ಅಂಗಡಿಗೆ ಫೋನ್ ಮಾಡುವ ಹೊತ್ತಿಗೆ ಅವರ ಕೈಯಲ್ಲಿ ಎರಡು ಕೊಟೇಷನ್ ಇದ್ದವು. ಎರಡೂ ಹೇಳಿದ್ದು ಒಂದೇ ಮಾತು: ನಾಲ್ಕೂ ಹಳತಾಗಿವೆ, ತೆಗೆದು ಹೊಸದಾಗಿ ಟ್ಯೂಬಿನ ಸೋಲಾರ್ (ಪ್ಲೇಟಿನ ಬದಲು ಗಾಜಿನ ಕೊಳವೆ ಇರುವಂಥದ್ದು) ಹಾಕಿ. ಒಂದು ಎರಡೂಮುಕ್ಕಾಲು ಲಕ್ಷದ್ದು, ಇನ್ನೊಂದು ಮೂರು ಲಕ್ಷ ದಾಟಿದ್ದು. ಸೋಲಾರ್ ವಾಟರ್ ಹೀಟರ್ ಮೇಲಿನ ಜಿಎಸ್‌ಟಿ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿತ್ತು. "ಈಗಲೇ ಬದಲಾಯಿಸಿಕೊಳ್ಳಿ, ಉಳಿತಾಯ" ಎಂದೂ ಕೊಟೇಷನ್ನಿನಲ್ಲಿ ಬರೆದಿತ್ತು. ಸೆಕ್ರೆಟರಿ ನಮ್ಮಿಂದ ಕೇಳಿದ್ದು ಮೂರನೇ ಕೊಟೇಷನ್. ಕಮಿಟಿಯಲ್ಲಿ ಮೂರು ಇರಲೇಬೇಕೆಂಬ ನಿಯಮವಂತೆ.

ಆ ಮೂರನೇ ಕೊಟೇಷನ್ನು ನಾವು ಕೊಡಲಿಲ್ಲ. ಮೊದಲು ನೋಡುತ್ತೇವೆ, ನೋಡುವುದಕ್ಕೆ ಇಷ್ಟು ಹಣ ಆಗುತ್ತದೆ ಅಂದೆವು. ಅಲ್ಲಿಂದ ಮುಂದೆ ನಡೆದದ್ದನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ನಮ್ಮಂಥ ಸಣ್ಣ ಪ್ಲಂಬಿಂಗ್ ಅಂಗಡಿಗಳು ಉಳಿಯುವುದೋ ಮುಳುಗುವುದೋ ತೀರ್ಮಾನವಾಗುವುದು ನೋಡುವುದಕ್ಕೆ ಹಣ ಕೇಳುವ ಈ ಒಂದು ವಿಷಯದಲ್ಲೇ ಎಂದು ನನಗೆ ಖಚಿತವಾಗಿದೆ.

ಅಂಗಡಿಯ ಲೆಕ್ಕ

ನಮ್ಮದು ಗಂಡ ಹೆಂಡತಿ ನಡೆಸುವ ಅಂಗಡಿ. ಯಜಮಾನರು ಸೈಟಿಗೆ ಹೋಗುತ್ತಾರೆ. ಫೋನು, ಬಿಲ್ಲು, ಸಾಮಾನು, ಯಾರು ಎಲ್ಲಿಗೆ ಎಷ್ಟು ಹೊತ್ತಿಗೆ ಎಂಬುದೆಲ್ಲ ನನ್ನದು. ಕೆಲಸಕ್ಕೆ ಮೂವರು: ಇಪ್ಪತ್ತು ವರ್ಷ ಪೈಪು ಹಿಡಿದ ದೊಡ್ಡ ಮೇಸ್ತ್ರಿ, ರಾಯಚೂರು ಕಡೆಯಿಂದ ಬಂದು ಇಲ್ಲೇ ಕಲಿತ ಎರಡನೆಯವನು, ಹೆಲ್ಪರ್ ಹುಡುಗ. ಸೈಟಿಗೆ ಹೋಗುವಾಗ ಇಬ್ಬಿಬ್ಬರಂತೆ ಎರಡು ಜೋಡಿ. ಎರಡನೇ ಜೋಡಿಯಲ್ಲಿ ಯಜಮಾನರೇ ಒಬ್ಬರು. ನಮ್ಮ ಕಡೆ ಹೀಟಿಂಗ್ ಎಂದರೆ ಸ್ನಾನದ ನೀರು ಕಾಯಿಸುವುದು, ಅಷ್ಟೇ. ಗೀಸರು, ಸೋಲಾರು, ಈಚೆಗೆ ಅಲ್ಲೊಂದು ಇಲ್ಲೊಂದು ಹೀಟ್ ಪಂಪು. ದೀಪಾವಳಿ ಕಳೆದು ಚಳಿ ಬಿದ್ದ ಕೂಡಲೇ ಫೋನು ಬಿಡುವಿಲ್ಲದೆ ಬಡಿಯುತ್ತದೆ, ಶಿವರಾತ್ರಿ ಹೊತ್ತಿಗೆ ಇಳಿಯುತ್ತದೆ.

ಒಂದು ದಿನ ಶಟರ್ ಎತ್ತಿದರೆ ಮೂವರ ಕೂಲಿ 1,200, 900, 700 ಸೇರಿ 2,800 ರೂಪಾಯಿ. ಬಾಡಿಗೆಯ ಪಾಲು 700. ಪೆಟ್ರೋಲು, ಫೋನು, ಸವೆಯುವ ಟೂಲು ಎಂದು 500. ಒಟ್ಟು 4,000. ಇದರಲ್ಲಿ ನಮ್ಮಿಬ್ಬರ ದುಡಿಮೆಗೆ ಒಂದು ಪೈಸೆ ಸೇರಿಲ್ಲ. ಎಂಟು ಗಂಟೆಯ ದಿನದಲ್ಲಿ ಕೈ ಕೆಲಸದ ಮೇಲಿರುವುದು ಹೆಚ್ಚೆಂದರೆ ಐದು ಗಂಟೆ. ಉಳಿದದ್ದು ಟ್ರಾಫಿಕ್ಕು, ಗೇಟಿನಲ್ಲಿ ಸೆಕ್ಯುರಿಟಿ ಎಂಟ್ರಿ, ಒಂದು ಎಲ್ಬೋ ಕಮ್ಮಿಯಾಯಿತೆಂದು ಹಾರ್ಡ್‌ವೇರ್ ಅಂಗಡಿಗೆ ಓಟ, "ಒಂದ್ನಿಮಿಷ, ಮಗು ಸ್ನಾನ ಮುಗೀಲಿ" ಎಂಬ ಕಾಯುವಿಕೆ. ಎರಡು ಜೋಡಿಗೆ ಹತ್ತು ಗಂಟೆ ಎಂದಿಟ್ಟುಕೊಂಡರೆ, ಒಂದು ಜೋಡಿಯ ಒಂದು ಗಂಟೆ 400 ರೂಪಾಯಿ ತರಲೇಬೇಕು. ಅದಕ್ಕಿಂತ ಕಮ್ಮಿಯಾದರೆ ಅಂದು ನಷ್ಟ.

ಈ ಲೆಕ್ಕ ಇಟ್ಟುಕೊಂಡು ಪುಕ್ಕಟೆ ಸೈಟ್ ವಿಸಿಟ್ ನೋಡಿ. ಹೋಗಿ ಬಂದು ನೋಡಿದ ಗಂಟೆಗಳ ಹಣ ಎಲ್ಲಿಂದಲಾದರೂ ಬರಬೇಕಲ್ಲ. ಬರುವುದು ಸಾಮಾನಿನ ಮಾರ್ಜಿನ್‌ನಿಂದ. ಸಾಮಾನು ಹೆಚ್ಚು ಹೋದಷ್ಟೂ ಮಾರ್ಜಿನ್ ಹೆಚ್ಚು. ಹಾಗಾಗಿ ಪುಕ್ಕಟೆ ನೋಡಲು ಬಂದವರ ಬಾಯಲ್ಲಿ "ಬದಲಾಯಿಸಿ" ಎಂಬ ಮಾತು ಮೊದಲು ಬರುತ್ತದೆ. ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಆ ವ್ಯವಸ್ಥೆಯಲ್ಲಿ ಅವರ ಮೂವರು ಹುಡುಗರ ಕೂಲಿ ಹುಟ್ಟುವ ದಾರಿ ಅದೊಂದೇ.

ಸೋಲಾರ್ ವಿಷಯದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. 2007ರಲ್ಲಿ ಸರ್ಕಾರ ನಿಗದಿತ ಅಳತೆ ಮೀರಿದ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಅದಿಲ್ಲದೆ ಬೆಸ್ಕಾಂ ಕನೆಕ್ಷನ್ ಸಿಗುವುದು ಕಷ್ಟವಾಯಿತು. ಒಳ್ಳೆಯ ನಿಯಮವೇ. ಆದರೆ ಬಿಲ್ಡರುಗಳು ಕನೆಕ್ಷನ್‌ಗಾಗಿ ಹಾಕಿಸಿ ಕೈತೊಳೆದುಕೊಂಡರು. ತಾರಸಿಯಲ್ಲಿರುವ ಯಂತ್ರ ಯಾವ ನೀರು ಕುಡಿಯುತ್ತಿದೆ, ಅದರ ಏರ್ ವೆಂಟ್ (ಗಾಳಿ, ಹಬೆ ಹೊರಹೋಗುವ ಕೊಳವೆ) ತೆರೆದಿದೆಯೇ ಎಂದು ಹತ್ತು ವರ್ಷ ಯಾರೂ ಹತ್ತಿ ನೋಡದ ಕಟ್ಟಡಗಳು ಊರ ತುಂಬ ಇವೆ. ಇದೂ ಅಂಥದ್ದೇ ಒಂದು.

ನೋಡುವ ಕೂಲಿ

ಸೆಕ್ರೆಟರಿಗೆ ನಾನು ಹೇಳಿದ ಮೊತ್ತ 3,500 ರೂಪಾಯಿ. ಕೆಲಸ ನಮಗೇ ಸಿಕ್ಕರೂ ಅದು ಬಿಲ್ಲಿನಲ್ಲಿ ಕಳೆಯುವುದಿಲ್ಲ. ಬರವಣಿಗೆಯಲ್ಲಿ ರಿಪೋರ್ಟ್ ಕೊಡುತ್ತೇವೆ, ಅದನ್ನಿಟ್ಟುಕೊಂಡು ಯಾರಿಂದ ಬೇಕಾದರೂ ಕೆಲಸ ಮಾಡಿಸಿಕೊಳ್ಳಬಹುದು.

"ನೋಡೋಕೂ ದುಡ್ಡಾ ಮೇಡಂ? ಬೇರೆಯವ್ರೆಲ್ಲ ಫ್ರೀಯಾಗಿ ಬಂದು ನೋಡಿದ್ರು" ಅಂದರು.

"ಅವ್ರು ಎಷ್ಟೊತ್ತಿಗೆ ಬಂದಿದ್ರು ಸರ್?" ಎಂದು ಕೇಳಿದೆ.

"ಸಂಜೆ ಐದು, ಐದೂವರೆ. ನಾವೆಲ್ಲ ಆಫೀಸಿಂದ ಬಂದ್ಮೇಲೆ."

ಸೋಲಾರ್ ಗೊತ್ತಿದ್ದವರಿಗೆ ಆ ಉತ್ತರವೇ ಸಾಕು. ಸಂಜೆ ಐದೂವರೆಗೆ ಬಿಸಿಲು ಓರೆಯಾಗಿರುತ್ತದೆ, ಪ್ಲೇಟುಗಳೆಲ್ಲ ತಣಿಯುತ್ತಿರುತ್ತವೆ. ಓಡುವ ಪ್ಲೇಟೂ ಕಟ್ಟಿಕೊಂಡ ಪ್ಲೇಟೂ ಕೈಗೆ ಒಂದೇ ಥರ ಹತ್ತುತ್ತವೆ. ಪ್ಲೇಟು ನೋಡಬೇಕಾದದ್ದು ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ. ಪೈಪು ನೋಡಬೇಕಾದದ್ದು ಬೆಳಗಿನ ಜಾವ, ಮನೆಗಳಲ್ಲಿ ಸ್ನಾನ ಶುರುವಾಗುವ ಮುಂಚೆ. ಅಂದರೆ ಎರಡು ಸಲ ಹೋಗಬೇಕು. ಎರಡನೆಯದು ಹುಡುಗರ ನಿದ್ದೆ ಕೆಡಿಸಿ ಹೋಗುವ ಹೊತ್ತು. ಓಡಾಟ ಸೇರಿ ಒಂದು ಜೋಡಿಗೆ ಐದು ಗಂಟೆ, ಆಮೇಲೆ ರಿಪೋರ್ಟ್ ಬರೆಯುವ ಕೆಲಸ. ಇದನ್ನೆಲ್ಲ ಸೆಕ್ರೆಟರಿಗೆ ಬಿಡಿಸಿ ಹೇಳಿದೆ. ಎರಡು ದಿನ ಬಿಟ್ಟು ಕಮಿಟಿ ಒಪ್ಪಿತು. ಒಪ್ಪಿಸಿದವರು ನೆಲಮಹಡಿಯ ಒಬ್ಬ ನಿವೃತ್ತ ಮೇಷ್ಟ್ರು. "ಮೂರು ಲಕ್ಷ ಖರ್ಚು ಮಾಡೋಕೆ ಹೊರಟಿದ್ದೀವಿ, ಮೂರೂವರೆ ಸಾವಿರ ಕೊಟ್ಟು ಕಾರಣ ತಿಳ್ಕೊಳ್ಳೋಣ" ಎಂದರಂತೆ.

ಮಧ್ಯಾಹ್ನದ ತಾರಸಿ

ದೊಡ್ಡ ಮೇಸ್ತ್ರಿ ಮತ್ತು ಯಜಮಾನರು ಒಂದು ಗಂಟೆಗೆ ಮೇಲೆ ಹತ್ತಿದರು. ಪ್ಲೇಟಿನೊಳಗೆ ನಡೆಯುವುದು ಸರಳ ಸಂಗತಿ. ತಣ್ಣೀರು ಕೆಳಗಿನಿಂದ ಸೇರುತ್ತದೆ, ಕಾದು ಹಗುರಾಗಿ ತಾನಾಗಿಯೇ ಮೇಲೇರಿ ಟ್ಯಾಂಕಿಗೆ ಹೋಗುತ್ತದೆ, ಅದರ ಜಾಗಕ್ಕೆ ಮತ್ತೆ ತಣ್ಣೀರು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಒಂದು ಪ್ಲೇಟಿನಲ್ಲಿ ಒಂಬತ್ತೋ ಹತ್ತೋ ಅರ್ಧ ಇಂಚಿನ ತಾಮ್ರದ ಕೊಳವೆ ಇರುತ್ತವೆ. ಅದರೊಳಗೆ ಸುಣ್ಣ ಕಟ್ಟಿದರೆ ಹರಿವು ನಿಂತುಹೋಗುತ್ತದೆ. ಆಗ ಗಾಜಿನ ಕೆಳಗಿನ ಹಾಳೆ ಸುಡುತ್ತಿರುತ್ತದೆ, ಟ್ಯಾಂಕಿಗೆ ಹೋಗುವ ಪೈಪು ಮಾತ್ರ ತಣ್ಣಗೇ ಇರುತ್ತದೆ.

ಥರ್ಮಾಮೀಟರ್ ಗನ್ ಹಿಡಿದು ನಾಲ್ಕೂ ಲೈನಿನ ಮೇಲಿನ ಪೈಪು ನೋಡಿದರು. ಒಂದನೆಯದು 38 ಡಿಗ್ರಿ, ನಾಲ್ಕನೆಯದು 36. ಇವೆರಡೂ ಕಟ್ಟಿಕೊಂಡಿವೆ. ಮೂರನೆಯದು 59, ಪರವಾಗಿಲ್ಲ. ಎರಡನೇ ಲೈನಿನದು 62 ಡಿಗ್ರಿ.

ಯಜಮಾನರು ತಾರಸಿಯಿಂದಲೇ ನನಗೆ ಫೋನ್ ಮಾಡಿದರು. ಏಕೆಂದರೆ ಸೆಕ್ರೆಟರಿ ಕೊಟ್ಟ ಪಟ್ಟಿಯಲ್ಲಿ ಅತಿ ಹೆಚ್ಚು ದೂರು ಇದ್ದದ್ದು ಎರಡನೇ ಲೈನಿನಿಂದಲೇ. ಅಲ್ಲಿ ಟ್ಯಾಂಕಿನ ತುಂಬ ಬಿಸಿನೀರಿದೆ, ಕೆಳಗಿನ ಮೂರು ಮನೆಗಳಲ್ಲಿ ನಲ್ಲಿ ತಿರುಗಿಸಿದರೆ ತಣ್ಣೀರು. ಅದೂ ಯಾವಾಗಲೂ ಅಲ್ಲ. ಒಂದು ದಿನ ಬರುತ್ತದೆ, ಒಂದು ದಿನ ಇಲ್ಲ, ಕೆಲವೊಮ್ಮೆ ಸ್ನಾನದ ನಡುವೆಯೇ ಹೋಗಿಬಿಡುತ್ತದೆ. ಹಾಗಾದರೆ ತೊಂದರೆ ಟ್ಯಾಂಕಿನಿಂದ ಕೆಳಗೆ, ಮನೆಗಳೊಳಗೆ ಎಲ್ಲೋ ಇದೆ. ಅಲ್ಲಿಗೆ ಹೊಸ ಸೋಲಾರ್ ತಂದು ಕೂರಿಸಿದ್ದರೆ ಎಪ್ಪತ್ತು ಸಾವಿರ ಕೊಟ್ಟು ಅದೇ ತಣ್ಣೀರು ಮೀಯಬೇಕಾಗಿತ್ತು.

ಎರಡನೇ ಲೈನು

ಇಂಥಲ್ಲಿ ಪ್ಲಂಬರಿಗೆ ಮೊದಲು ಬರುವ ಅನುಮಾನ, ಎಲ್ಲೋ ತಣ್ಣೀರಿನ ಲೈನು ಬಿಸಿನೀರಿನ ಲೈನಿಗೆ ಸೇರಿಕೊಂಡಿದೆ ಎಂಬುದು. ಅದನ್ನು ಪರೀಕ್ಷಿಸುವ ವಿಧಾನಕ್ಕೆ ದುಬಾರಿ ಉಪಕರಣ ಬೇಡ. ಬೆಳಗಿನ ಜಾವ ತಾರಸಿಗೆ ಹೋಗಿ ಆ ಟ್ಯಾಂಕಿನ ಬಿಸಿನೀರಿನ ಗೇಟ್ ವಾಲ್ವ್ ಮುಚ್ಚುವುದು. ಕೆಳಗೆ ಒಂದು ಮನೆಯ ಬಿಸಿನೀರಿನ ನಲ್ಲಿ ತೆರೆಯುವುದು. ಪೈಪಿನಲ್ಲಿ ಉಳಿದದ್ದು ಹೊರಬಂದು ಸಣ್ಣಗಾಗಿ ನಿಲ್ಲಬೇಕು. ನಿಲ್ಲದೆ ಬರುತ್ತಲೇ ಇದ್ದರೆ ಅದು ಬೇರೆ ಕಡೆಯ ನೀರು.

ನೆಲಮಹಡಿಯ ಮೇಷ್ಟ್ರ ಮನೆಯಲ್ಲಿ ಹೆಲ್ಪರ್ ಹುಡುಗ ಬಕೆಟ್ ಹಿಡಿದು ಕೂತ. ಒಂದು ಬಕೆಟ್ ತುಂಬಿತು, ಎರಡನೆಯದೂ ತುಂಬಿತು, ನೀರು ರಭಸವಾಗಿಯೇ ಬರುತ್ತಿತ್ತು. ಮೇಲಿನ ವಾಲ್ವೇ ಸರಿಯಾಗಿ ಹಿಡಿಯುತ್ತಿಲ್ಲವೇನೋ ಎಂದು ಅನುಮಾನಿಸಬಹುದು. ಆದರೆ ಬಂದ ನೀರು ತಣ್ಣಗೆ ಕೊರೆಯುತ್ತಿತ್ತು. ಟ್ಯಾಂಕಿನಲ್ಲಿದ್ದದ್ದು ಹಿಂದಿನ ದಿನದ ಬಿಸಿನೀರು. ಹಾಗಾಗಿ ಇದು ಟ್ಯಾಂಕಿನದಲ್ಲ.

ಅಷ್ಟರಲ್ಲಿ ಮೇಲಿನ ಅಂತಸ್ತಿನಲ್ಲಿ ಒಂದು ಮನೆಯ ಬಾಗಿಲು ತೆರೆಯಿತು. ವಯಸ್ಸಾದ ಅಮ್ಮ ಒಬ್ಬರು ಹೊರಗೆ ಬಂದು ದೊಡ್ಡ ಮೇಸ್ತ್ರಿಯನ್ನು ಕೇಳಿದರು: "ಪ್ಲಂಬರಾ ನೀನು? ನಮ್ಮನೆ ಪಂಪು ತನ್ನಷ್ಟಕ್ಕೆ ತಾನೇ ಓಡುತ್ತಪ್ಪ. ಯಾರೂ ನಲ್ಲಿ ತಿರುಗಿಸಿರಲ್ಲ, ಗುಂಯ್ ಅಂತಿರುತ್ತೆ. ನೋಡ್ತೀಯಾ?"

ಮೇಸ್ತ್ರಿ ಒಳಗೆ ಹೋದಾಗ ಪಂಪು ಓಡುತ್ತಿತ್ತು. ಕೆಳಗೆ ಹೆಲ್ಪರಿಗೆ ಫೋನ್ ಮಾಡಿ ನಲ್ಲಿ ಮುಚ್ಚಿಸಿದ. ಪಂಪು ನಿಂತಿತು. ತೆರೆಸಿದ, ಮತ್ತೆ ಓಡಿತು.

ಆ ಮನೆ ಕಡೆಯ ಅಂತಸ್ತಿನದು. ಟ್ಯಾಂಕಿಗೂ ಅವರ ನಲ್ಲಿಗೂ ಎತ್ತರದ ವ್ಯತ್ಯಾಸ ಕಮ್ಮಿ, ಹಾಗಾಗಿ ಒತ್ತಡವೂ ಕಮ್ಮಿ. ನೀರು ಹತ್ತು ಮೀಟರ್ ಎತ್ತರದಿಂದ ಇಳಿದರೆ ಸುಮಾರು ಒಂದು ಕೆ.ಜಿ. ಒತ್ತಡ ಸಿಗುತ್ತದೆ, ಕಡೆಯ ಅಂತಸ್ತಿಗೆ ಸಿಗುವುದು ಅದರ ಮೂರನೇ ಒಂದು ಪಾಲು. ಹಾಗೆಂದು ಮಗ ಬಾತ್‌ರೂಮಿನ ತಣ್ಣೀರಿನ ಲೈನಿಗೆ ಪ್ರೆಷರ್ ಪಂಪು ಹಾಕಿಸಿದ್ದರು. ತಾಯಿಗೆ ಸಂಧಿವಾತ, ಬಿಸಿ ತಣ್ಣೀರು ಬೆರೆಸುವ ನಲ್ಲಿಯ, ಅಂದರೆ ಮಿಕ್ಸರಿನ ತಿರುಪು ತಿರುಗಿಸಲು ಬೆರಳು ಬಗ್ಗುವುದಿಲ್ಲ. ಅದಕ್ಕಾಗಿ ಮಿಕ್ಸರಿಗೆ ಹ್ಯಾಂಡ್ ಶವರ್ ಜೋಡಿಸಿ, ಬಿಸಿ ತಣ್ಣೀರಿನ ಎರಡೂ ತಿರುಪನ್ನು ಹದಕ್ಕೆ ತೆರೆದಿಟ್ಟಿದ್ದರು. ಅಮ್ಮ ತುದಿಯ ಲಿವರ್ ಒತ್ತಿದರೆ ಸಾಕು. ಮಗ ತಾಯಿಗಾಗಿ ಯೋಚಿಸಿ ಮಾಡಿದ ಒಳ್ಳೆಯ ಏರ್ಪಾಡು. ಆದರೆ ಲಿವರ್ ಬಿಟ್ಟಾಗ ಶವರಿನ ಬಾಯಿ ಮಾತ್ರ ಮುಚ್ಚುತ್ತದೆ. ಮಿಕ್ಸರಿನ ಹೊಟ್ಟೆಯಲ್ಲಿ ಎರಡೂ ಲೈನು ಒಂದಾಗಿಯೇ ಇರುತ್ತವೆ. ಪಂಪಿನ ಒತ್ತಡವಿರುವ ತಣ್ಣೀರು ಅಲ್ಲಿಂದ ಬಿಸಿನೀರಿನ ಪೈಪಿಗೆ ನುಗ್ಗಿ ಕೆಳಗಿನ ಮೂರು ಮನೆಗೆ ಇಳಿಯುತ್ತಿತ್ತು. ಮಗ ಊರಿಗೆ ಹೋದಾಗ ಪಂಪಿನ ಸ್ವಿಚ್ ಆರಿಸಿ ಹೋಗುತ್ತಿದ್ದರು. ಆ ದಿನಗಳಲ್ಲಿ ಎಲ್ಲರಿಗೂ ಬಿಸಿನೀರು.

ಪರಿಹಾರ: ಮಿಕ್ಸರಿಗೆ ಸೇರುವ ಎರಡೂ ಲೈನಿಗೆ ಒಂದೊಂದು ಎನ್‌ಆರ್‌ವಿ, ಅಂದರೆ ನೀರು ಒಂದೇ ಕಡೆಗೆ ಹೋಗಲು ಬಿಡುವ ವಾಲ್ವ್. ಅಮ್ಮನ ಲಿವರ್ ಹಾಗೇ ಉಳಿಯುತ್ತದೆ. ಸಾಮಾನು ಕೂಲಿ ಸೇರಿ 1,800 ರೂಪಾಯಿ.

ಇದನ್ನು ಯಾರು ಕೊಡಬೇಕು ಎಂಬುದರ ಮೇಲೆ ಒಂದು ವಾರ ಹೋಯಿತು. ಮಗನ ಮಾತು: "ನನ್ನ ಮನೇಲಿ ಏನೂ ತೊಂದ್ರೆ ಇಲ್ಲ, ನಾನ್ಯಾಕೆ ಕೊಡ್ಲಿ?" ಕಮಿಟಿಯ ಮಾತು: ಮನೆಯೊಳಗಿನ ಕೆಲಸ ಮನೆಯವರದ್ದು. ಇಂಥ ಜಗಳದಲ್ಲಿ ಪ್ಲಂಬರ್ ತೀರ್ಪು ಹೇಳಲು ಹೋಗಬಾರದು. ಯಾರ ಪರ ಮಾತಾಡಿದರೂ ಇನ್ನೊಬ್ಬರಿಗೆ ಶತ್ರು. ನಮ್ಮ ಯಜಮಾನರು ಮಾಡಿದ್ದು ಇಷ್ಟು: ಆ ಮಗನನ್ನು ಪಂಪಿನ ಹತ್ತಿರ ನಿಲ್ಲಿಸಿ, ಕೆಳಗಿನ ಮನೆಯ ಬಿಸಿನೀರಿನ ನಲ್ಲಿಯನ್ನು ಮೂರು ಸಲ ತೆರೆಸಿ ಮುಚ್ಚಿಸಿದರು. ಮೂರು ಸಲವೂ ಪಂಪು ಓಡಿ ನಿಂತಿತು. ಮೂರು ಮನೆಗಳ ನೀರನ್ನು ತಮ್ಮ ಕರೆಂಟಿನಲ್ಲಿ ತಳ್ಳುತ್ತಿದ್ದೇವೆಂದು ಅವರಿಗೆ ಆಗ ಕಂಡಿತು. ಮರುದಿನ ಅವರೇ ಹಣ ಕಳಿಸಿದರು.

ಉಪ್ಪುನೀರು

ಒಂದು ಮತ್ತು ನಾಲ್ಕನೇ ಲೈನಿನ ಪ್ಲೇಟುಗಳಿಗೆ ಆಸಿಡ್ ಹಾಕಿ ತೊಳೆದರೆ ಹರಿವು ಬರುತ್ತದೆ. ಆದರೆ ಅದಕ್ಕೂ ಮೊದಲು ಒಳಗೆ ಹೋಗುತ್ತಿರುವ ನೀರನ್ನು ನೋಡಬೇಕು. ಹನಿ ಹಾಕಿ ಬಣ್ಣ ನೋಡುವ ಸಣ್ಣ ಕಿಟ್ ನಮ್ಮಲ್ಲಿದೆ. ಬೋರಿನ ನೀರಿನ ಗಡಸುತನ ಲೀಟರಿಗೆ 600 ಮಿಲಿಗ್ರಾಂ ಆಸುಪಾಸು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಹೇಳುವ ಮಿತಿ 200. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ನಾಲ್ಕು ಟ್ಯಾಂಕಿನಲ್ಲಿ ದಿನಕ್ಕೆ 2,000 ಲೀಟರ್ ಹರಿದರೆ ಅದರೊಂದಿಗೆ 1.2 ಕೆ.ಜಿ. ಗಡಸು ಲವಣ ಹಾದುಹೋಗುತ್ತದೆ. ಎಲ್ಲವೂ ಒಳಗೆ ಕೂರುವುದಿಲ್ಲ, ಹೆಚ್ಚಿನದು ನಲ್ಲಿಯಿಂದ ಹೊರಗೆ ಹೋಗುತ್ತದೆ. ಆದರೆ ಸಕ್ಕರೆ ಕಾದ ನೀರಿನಲ್ಲಿ ಹೆಚ್ಚು ಕರಗುವುದಕ್ಕೆ ಉಲ್ಟಾ ಈ ಸುಣ್ಣದ ಗುಣ: ನೀರು ಕಾದಷ್ಟೂ ಕಲ್ಲಾಗಿ ಕೂರುತ್ತದೆ, ಅದರಲ್ಲೂ 60 ಡಿಗ್ರಿ ದಾಟಿದ ಮೇಲೆ. ಚೆನ್ನಾಗಿ ಕೆಲಸ ಮಾಡುವ ಪ್ಲೇಟಿನಲ್ಲೇ ಅದು ಬೇಗ ಕಟ್ಟುತ್ತದೆ.

ತಾರಸಿಯಲ್ಲಿ ಓವರ್‌ಹೆಡ್ ಟ್ಯಾಂಕು ಎರಡು. ದೊಡ್ಡದು ಬೋರಿನದು, ಬಾತ್‌ರೂಮಿಗೆಲ್ಲ. ಚಿಕ್ಕದು ಅಡುಗೆಮನೆಗೆ. ಕಟ್ಟಡ ಕಟ್ಟಿದಾಗ ಚಿಕ್ಕದಕ್ಕೆ ಟ್ಯಾಂಕರ್ ನೀರು ಹಾಕಿಸುತ್ತಿದ್ದರಂತೆ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 775 ದಶಲಕ್ಷ ಲೀಟರ್, ಈ 110 ಹಳ್ಳಿಗಳನ್ನೇ ಉದ್ದೇಶಿಸಿದ ಯೋಜನೆ. ಆಮೇಲೆ ಇವರೂ ಕನೆಕ್ಷನ್ ತೆಗೆದುಕೊಂಡು ಚಿಕ್ಕ ಟ್ಯಾಂಕಿಗೆ ಆ ನೀರು ತುಂಬಿಸತೊಡಗಿದರು. ಅದರ ಗಡಸುತನ ನಮ್ಮ ಕಿಟ್‌ನಲ್ಲಿ 150ರೊಳಗೆ ಬಂತು. ಅಂದರೆ ಒಳ್ಳೆಯ ನೀರು ಸೋಲಾರ್‌ನಿಂದ ಇಪ್ಪತ್ತಡಿ ದೂರದಲ್ಲಿತ್ತು, ಸೋಲಾರ್‌ಗೆ ಹೋಗುತ್ತಿದ್ದದ್ದು ಬೋರಿನ ಉಪ್ಪುನೀರು.

ರಿಪೋರ್ಟಿನಲ್ಲಿ ನಾವು ಮೊದಲು ಬರೆದದ್ದು ಇದನ್ನೇ: ಸೋಲಾರ್‌ಗೆ ತಣ್ಣೀರು ಇನ್ನು ಮುಂದೆ ಕಾವೇರಿ ಟ್ಯಾಂಕಿನಿಂದ ಹೋಗಲಿ. ಹಾಗೆ ತಿರುಗಿಸುವಾಗ ನೋಡಿಕೊಳ್ಳಬೇಕಾದ ಸಂಗತಿಗಳಿವೆ. ಕಾವೇರಿ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿಗಿಂತ ಮೇಲಿರಬೇಕು, ಇತ್ತು. ಎರಡೂ ಓವರ್‌ಹೆಡ್ ಟ್ಯಾಂಕು ಹೆಚ್ಚು ಕಡಿಮೆ ಒಂದೇ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಮಿಕ್ಸರಿನಲ್ಲಿ ಬಿಸಿಯೋ ತಣ್ಣಗಿನದೋ ಒಂದು ಇನ್ನೊಂದನ್ನು ತಳ್ಳುತ್ತದೆ. ಅದೂ ಸರಿಯಿತ್ತು. ಎಲ್ಲಕ್ಕಿಂತ ಮುಖ್ಯ, ಆ ಟ್ಯಾಂಕಿನ ನೀರು ಅಡುಗೆಮನೆಗೂ ಹೋಗುತ್ತದೆ. ಬಾತ್‌ರೂಮಿನ ಕಡೆಯಿಂದ ಒಂದು ಹನಿಯೂ ಹಿಂದಕ್ಕೆ ಬರದಂತೆ ಸೋಲಾರ್ ಲೈನು ಹೊರಡುವಲ್ಲೇ ಎನ್‌ಆರ್‌ವಿ ಬೇಕು. ಕಾವೇರಿ ಬಾರದ ದಿನಕ್ಕೆ ಹಳೆಯ ಬೋರ್ ಲೈನನ್ನು ಬಾಲ್ ವಾಲ್ವ್ ಹಾಕಿ ಮುಚ್ಚಿಟ್ಟೆವು, ಅದಕ್ಕೆ ಕೆಂಪು ಬಣ್ಣ ಬಳಿದೆವು.

ಕೆಲಸದ ವಾರ

ಡಿಸೆಂಬರ್ ಮೊದಲ ವಾರ ಕೆಲಸ ಹಿಡಿದೆವು. ಮನೆಗಳಲ್ಲಿ ಸ್ನಾನ ಮುಗಿಯುವವರೆಗೆ ನೀರು ನಿಲ್ಲಿಸುವಂತಿಲ್ಲ, ಆಫೀಸಿನಿಂದ ಬರುವ ಹೊತ್ತಿಗೆ ನೀರು ಬಿಟ್ಟಿರಬೇಕು. ಹಾಗಾಗಿ ಹತ್ತೂವರೆಯಿಂದ ನಾಲ್ಕು. ಹಿಂದಿನ ಸಂಜೆಯೇ ಯಾವ ಲೈನು, ಎಷ್ಟು ಹೊತ್ತು ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಲಿಫ್ಟಿನ ಬಳಿ ಅಂಟಿಸುವ ಕೆಲಸ ನನ್ನದು. ಈ ಒಂದು ಚೀಟಿ ಎಷ್ಟು ಜಗಳ ತಪ್ಪಿಸುತ್ತದೆ ಎಂದು ಹೇಳಿ ಮುಗಿಯದು.

ಪ್ಲೇಟು ತೊಳೆಯುವುದಕ್ಕೆ ಮಾತ್ರ ಹುಡುಗರು ಬೆಳಿಗ್ಗೆ ಏಳಕ್ಕೇ ಹೋಗಿ ಆ ಎರಡು ಲೈನಿನ ಮೇಲೆ ಟಾರ್ಪಾಲು ಹೊದಿಸಿದರು. ಬಿಸಿಲು ಬಿದ್ದ ಪ್ಲೇಟನ್ನು ಬಿಚ್ಚಿದರೆ ಹಬೆ ಮುಖಕ್ಕೆ ಹೊಡೆಯುತ್ತದೆ. ಆ ಲೈನುಗಳಲ್ಲಿ ಹೇಗೂ ಬಿಸಿನೀರಿರಲಿಲ್ಲ, ಯಾರೂ ಆಕ್ಷೇಪಿಸಲಿಲ್ಲ. ಡ್ರಮ್ಮಿನಲ್ಲಿ ಸಲ್ಫಾಮಿಕ್ ಆಸಿಡ್ ಪುಡಿ ಕದಡಿ, ಸಣ್ಣ ಪಂಪಿನಿಂದ ಒಂದೊಂದೇ ಪ್ಲೇಟಿಗೆ ಸುತ್ತು ಹಾಕಿಸುವುದು. ಸುಣ್ಣ ಕರಗುವಾಗ ನೊರೆ ಏಳುತ್ತದೆ; ಹೊಸ ಆಸಿಡ್ ಹಾಕಿದರೂ ನೊರೆ ಏಳದಿದ್ದರೆ ಪ್ಲೇಟು ತೆರವಾಯಿತೆಂದು ಅರ್ಥ. ಆಮೇಲೆ ವಾಷಿಂಗ್ ಸೋಡಾ ನೀರು, ಆಮೇಲೆ ಒಳ್ಳೆಯ ನೀರು. ಬಾತ್‌ರೂಮ್ ತೊಳೆಯುವ ಆಸಿಡ್ ಅಗ್ಗ, ಬೇಗ ಕೆಲಸ ಮಾಡುತ್ತದೆ, ಆದರೆ ಅದು ಹೈಡ್ರೋಕ್ಲೋರಿಕ್. ಅದರ ಅಂಶ ಉಳಿದು ಟ್ಯಾಂಕಿಗೆ ಸೇರಿದರೆ ಸ್ಟೀಲಿನಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತವೆ. ಅದನ್ನು ಸೋಲಾರ್ ಹತ್ತಿರ ಒಯ್ಯಲು ನಮ್ಮಲ್ಲಿ ಯಾರಿಗೂ ಅನುಮತಿಯಿಲ್ಲ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಇಲ್ಲದೆ ಡ್ರಮ್ ಮುಟ್ಟುವಂತೆಯೂ ಇಲ್ಲ. ಹೆಲ್ಪರ್ ಹುಡುಗನಿಗೆ ಇನ್ನೂ ಇಪ್ಪತ್ತು ತುಂಬಿಲ್ಲ. ಅವನ ಕಣ್ಣಿಗೆ ಏನಾದರೂ ಆದರೆ ಯಾವ ಬಿಲ್ಲಿನಿಂದಲೂ ಅದು ತುಂಬಿಬರುವುದಿಲ್ಲ.

ಹತ್ತು ಪ್ಲೇಟಿನಲ್ಲಿ ಎಂಟು ಉಳಿದವು. ಎರಡರಲ್ಲಿ ಸುಣ್ಣ ಹೋದ ಮೇಲೆ ಬೆಸುಗೆಯಲ್ಲಿ ಸೋರಿಕೆ ಕಂಡಿತು. ಸುಣ್ಣವೇ ಅಲ್ಲಿಯವರೆಗೆ ತೂತು ಮುಚ್ಚಿಟ್ಟಿತ್ತು. ಹೀಗಾಗಬಹುದೆಂದು ರಿಪೋರ್ಟಿನಲ್ಲಿ ಮುಂಚೆಯೇ ಬರೆದು, ಒಂದು ಪ್ಲೇಟಿನ ಬೆಲೆಯನ್ನೂ ನಮೂದಿಸಿದ್ದೆವು. ಬರೆದಿರದಿದ್ದರೆ "ನಿಮ್ಮ ಹುಡುಗ್ರೇ ಒಡೆದ್ರು" ಎಂಬ ಮಾತು ಖಂಡಿತ ಬರುತ್ತಿತ್ತು.

ಆ ವಾರದ ಮಧ್ಯೆ, ಪ್ಲೇಟುಗಳೆಲ್ಲ ಬಿಚ್ಚಿ ಹರಡಿರುವಾಗ, ನಮ್ಮ ಹಳೆಯ ಗಿರಾಕಿಯೊಬ್ಬರ ಮನೆಯಲ್ಲಿ ಪೈಪು ಒಡೆದು ಕೆಳಗಿನ ಮನೆಯ ಸೀಲಿಂಗಿಗೆ ನೀರು ಇಳಿಯತೊಡಗಿತು. "ಅಕ್ಕ, ನಾನು ಹೋಗಿ ಬರ್ತೀನಿ, ಅರ್ಧ ಗಂಟೆ ಅಷ್ಟೇ" ಅಂದ ದೊಡ್ಡ ಮೇಸ್ತ್ರಿ. ಬೇಡವೆಂದೆ. ಒಂದು ಕಟ್ಟಡದ ನೀರು ಮುಚ್ಚಿದ ಮೇಲೆ ಅದನ್ನು ತೆರೆಯುವವರೆಗೆ ಆ ಜೋಡಿ ಅಲ್ಲಿಂದ ಕದಲಬಾರದು. ಗಿರಾಕಿಗೆ ಫೋನಿನಲ್ಲೇ ಅವರ ಮನೆಯ ಮುಖ್ಯ ವಾಲ್ವ್ ಎಲ್ಲಿದೆಯೆಂದು ಹೇಳಿ ಮುಚ್ಚಿಸಿದೆ, ಎರಡನೇ ಜೋಡಿಯನ್ನು ಒಂದು ಗೀಸರ್ ಕೆಲಸ ಮುಂದೂಡಿ ಅಲ್ಲಿಗೆ ಕಳಿಸಿದೆ. ಗೀಸರಿನವರು ಬೇಸರ ಮಾಡಿಕೊಂಡು ಬೇರೆಯವರನ್ನು ಕರೆಸಿಕೊಂಡರು. ದಿನವೂ ನಡೆಯುವ ವಿಂಗಡಣೆ ಇದು: ನೀರು ಹಾಳು ಮಾಡುತ್ತಿರುವ ಕೆಲಸ ಮೊದಲು, ನೀರು ಬಾರದ್ದು ಆಮೇಲೆ, ಬಿಸಿಯಾಗದ್ದು ಅದರ ನಂತರ.

ಹಣ

ನೋಡಿದ್ದಕ್ಕೆ 3,500. ಹತ್ತು ಪ್ಲೇಟು ತೊಳೆಯಲು 12,000. ಹೊಸ ಪ್ಲೇಟು ಎರಡಕ್ಕೆ 19,000. ಕಾವೇರಿ ಟ್ಯಾಂಕಿನಿಂದ ಪೈಪು, ವಾಲ್ವು, ಬಿಸಿನೀರಿನ ಪೈಪಿಗೆ ಸುತ್ತುವ ಇನ್ಸುಲೇಷನ್ ಸೇರಿ ಸಾಮಾನು 14,000, ಕೂಲಿ 6,000. ಒಟ್ಟು 54,500, ಜಿಎಸ್‌ಟಿ ಬೇರೆ. ಟ್ಯಾಂಕಿನ ಬಾಯಿಯಿಂದ ಮೊದಲ ಕೆಲವು ಅಡಿ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪನ್ನೇ ಹಾಕಿದೆವು. ಬಿಸಿನೀರಿಗೆ ಹಾಕುವ ಪ್ಲಾಸ್ಟಿಕ್ ಪೈಪು ಸಿಪಿವಿಸಿ ತಡೆಯುವುದು 93 ಡಿಗ್ರಿಯವರೆಗೆ. ಎರಡು ಮೂರು ದಿನ ಯಾರೂ ನೀರು ಬಳಸದಿದ್ದರೆ ಬೇಸಿಗೆಯಲ್ಲಿ ಅಲ್ಲಿ ಅಷ್ಟರ ಹತ್ತಿರ ಹೋಗುವುದುಂಟು.

ನಮಗೆ ಉಳಿದದ್ದು ಖರ್ಚು ಕಳೆದು ಸುಮಾರು 12,000. ನಾಲ್ಕೂ ಸೋಲಾರ್ ಬದಲಾಯಿಸಿದ್ದರೆ ಡೀಲರ್ ಮಾರ್ಜಿನ್‌ನಲ್ಲೇ ಇದರ ಎರಡರಷ್ಟು ಸಿಗುತ್ತಿತ್ತು, ಎರಡೇ ದಿನದಲ್ಲಿ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಈ ದಾರಿ ಹಿಡಿಯುವ ಅಂಗಡಿಗೆ ನೋಡುವ ಕೂಲಿ ಪ್ರತ್ಯೇಕವಾಗಿ ಬರಲೇಬೇಕು, ಜೊತೆಗೆ ವರ್ಷದ ನಿರ್ವಹಣೆಯ ಒಪ್ಪಂದ ಕೈಗೆ ಬರಬೇಕು. ಎರಡೂ ಇಲ್ಲದಿದ್ದರೆ ಪ್ರಾಮಾಣಿಕತೆ ಹೆಚ್ಚು ದಿನ ನಡೆಯುವುದಿಲ್ಲ, ಹುಡುಗರ ಸಂಬಳಕ್ಕೇ ಕೊರತೆ ಬೀಳುತ್ತದೆ. ಈ ಅಸೋಸಿಯೇಷನ್ ವರ್ಷಕ್ಕೆ 12,000ಕ್ಕೆ ಒಪ್ಪಂದ ಮಾಡಿಕೊಂಡಿತು, ಮನೆಗೆ 750. ವರ್ಷಕ್ಕೆರಡು ಸಲ ಹೋಗಿ ಟ್ಯಾಂಕಿನ ತಳದ ನೀರು ಹೊರಬಿಡುವುದು, ಏರ್ ವೆಂಟ್ ನೋಡುವುದು, ಗಾಜು ಒರೆಸುವುದು, ತಾನು ಸವೆದು ಟ್ಯಾಂಕಿನ ತುಕ್ಕು ತಡೆಯುವ, ಅದರೊಳಗಿನ ಮೆಗ್ನೀಸಿಯಂ ರಾಡ್ ಸವೆದಿದೆಯೇ ಎಂದು ಬಿಚ್ಚಿ ನೋಡುವುದು.

ಹಣ ಬರುವ ರೀತಿಯನ್ನು ಮೊದಲೇ ಬರೆದುಕೊಂಡಿದ್ದೆವು: ಸಾಮಾನಿಗೆಂದು ಶೇ. 40 ಮುಂಗಡ, ಕೆಲಸ ಮುಗಿದ ದಿನ 40, ಹದಿನೈದು ದಿನ ಬಿಸಿನೀರು ಬಂದ ಮೇಲೆ 20. ಮುಂಗಡ ಬಾರದೆ ಸಾಮಾನು ಎತ್ತುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ನಮಗೆ ಉದ್ರಿ ಒಂದು ತಿಂಗಳು. ಗಿರಾಕಿ ಎರಡು ತಿಂಗಳು ಮಾಡಿದರೆ ನಡುವಿನ ತಿಂಗಳು ನಮ್ಮ ಮೈಮೇಲೆ ಬರುತ್ತದೆ. ಕಡೆಯ ಕಂತು ಜನವರಿ ಕೊನೆಗೆ ಬಂತು, ಖಜಾಂಚಿ ಊರಲ್ಲಿಲ್ಲ ಎಂಬ ಕಾರಣಕ್ಕೆ. ಎಲ್ಲವೂ ಅಂಗಡಿಯ ಖಾತೆಗೇ ಬರಬೇಕು, ಹುಡುಗರ ಫೋನಿನ ಯುಪಿಐಗೆ ಚಿಲ್ಲರೆಯೂ ಹಾಕಿಸಬಾರದು ಎಂಬುದು ನಮ್ಮ ಕಟ್ಟುನಿಟ್ಟು. 2025ರ ಜುಲೈಯಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೀದಿಬೀದಿಯಲ್ಲಿ ಕ್ಯೂಆರ್ ಕೋಡ್ ಕಿತ್ತುಹಾಕಿದ್ದನ್ನು ಕಂಡೆವು. ಪ್ರತಿ ಜಮೆಗೂ ಬಿಲ್ ನಂಬರ್ ಇದ್ದವರಿಗೆ ಆ ಭಯ ಬೇಕಿರಲಿಲ್ಲ.

ಈಗ

ಕೆಲಸ ಮುಗಿದ ನಂತರದ ಬಿಸಿಲಿನ ಮಧ್ಯಾಹ್ನ ಒಂದು ಮತ್ತು ನಾಲ್ಕನೇ ಲೈನಿನ ಮೇಲಿನ ಪೈಪು 60 ಡಿಗ್ರಿ ದಾಟಿತು. ಎರಡನೇ ಲೈನಿನಿಂದ ಆಮೇಲೆ ದೂರು ಬಂದಿಲ್ಲ. ಮೋಡ ಕವಿದ ದಿನ ಈ ಪ್ಲೇಟುಗಳು ನೀರು ಕಾಯಿಸುವುದಿಲ್ಲ, ಅಂದು ಗೀಸರೇ ಗತಿ ಎಂದು ರಿಪೋರ್ಟಿನ ಮೊದಲ ಪುಟದಲ್ಲೇ ಬರೆದುಕೊಟ್ಟಿದ್ದೇವೆ. ಡಿಸೆಂಬರಿನಲ್ಲಿ ಅಂಥ ದಿನಗಳು ಬಂದೇ ಬರುತ್ತವೆ.

ಒಂದು ದೂರು ಹಾಗೇ ಉಳಿದಿದೆ. ನೆಲಮಹಡಿಯವರಿಗೆ ಬೆಳಿಗ್ಗೆ ಬಿಸಿನೀರು ಬರುವ ಮುಂಚೆ ಮುಕ್ಕಾಲು ಬಕೆಟ್ ತಣ್ಣೀರು ಬರುತ್ತದೆ. ತಾರಸಿಯಿಂದ ಅವರ ನಲ್ಲಿಗೆ ಸುಮಾರು 25 ಮೀಟರ್ ಪೈಪು. ಒಂದು ಇಂಚಿನ ಸಿಪಿವಿಸಿ ಪೈಪಿನಲ್ಲಿ ಮೀಟರಿಗೆ 0.43 ಲೀಟರ್ ಹಿಡಿಯುತ್ತದೆ, ಅಂದರೆ ಹತ್ತು ಲೀಟರಿಗೂ ಮಿಕ್ಕು ನೀರು ರಾತ್ರಿಯಿಡೀ ಪೈಪಿನಲ್ಲೇ ತಣ್ಣಗಾಗಿ ನಿಂತಿರುತ್ತದೆ. ಹಿಂದಿರುಗುವ ಲೈನು ಹಾಕಿ, ಟೈಮರ್ ಇರುವ ಸಣ್ಣ ಪಂಪಿನಿಂದ ಸುತ್ತು ಹಾಕಿಸಬಹುದು. ಅದಕ್ಕೆ ಗೋಡೆ ಒಡೆಯಬೇಕು, ಖರ್ಚು ದೊಡ್ಡದು, ಸಿಗುವ ಲಾಭ ನಾಲ್ಕು ಮನೆಗೆ ಮಾತ್ರ. ಬೇಡವೆಂದು ನಾವೇ ಹೇಳಿದೆವು. ಮೇಷ್ಟ್ರು ಆ ನೀರನ್ನು ಬಕೆಟಿಗೆ ಹಿಡಿದು ಗಿಡಗಳಿಗೆ ಹಾಕುತ್ತಿದ್ದಾರೆ.

ಮೂರನೇ ಲೈನಿನ 59 ಡಿಗ್ರಿ ಸದ್ಯಕ್ಕೆ ಸಾಕು, ಆದರೆ ಅದರೊಳಗೂ ಹಳೆಯ ಸುಣ್ಣವಿದೆ. ಏಪ್ರಿಲ್ ಭೇಟಿಯಲ್ಲಿ ಮತ್ತೆ ಅಳೆಯುತ್ತೇವೆ. 50ಕ್ಕಿಂತ ಕೆಳಗಿಳಿದಿದ್ದರೆ ತೊಳೆಯಬೇಕು ಎಂದು ಸೆಕ್ರೆಟರಿಗೆ ತಿಳಿಸಿ, ಆ ಐದು ಪ್ಲೇಟಿನ ದರವನ್ನೂ ಬರೆದುಕೊಟ್ಟಾಗಿದೆ.